ಗುಳೆ ಹೋದ ಕೂಸಿಗೆ ರಿಪೋರ್ಟಿನಲ್ಲಿ ಕಾಲಂ ಇಲ್ಲ

“ಅಕ್ಕಾರ, ಈ ಕೂಸು ಅವ್ವ-ಅಪ್ಪನ ಕೂಡ ಗುಳೆ ಹೋಗೈತ್ರಿ. ಇದನ್ನ ಎಲ್ಲಿ ಬರೀಲಿ?”

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಅಪೌಷ್ಟಿಕ ಮಕ್ಕಳಿಗಾಗಿ ಕೆಲಸ ಮಾಡುವ ನಮ್ಮ ಸಂಸ್ಥೆಯ ಫೀಲ್ಡಿನ ಹುಡುಗಿ ರಿಜಿಸ್ಟರ್ ಹಿಡಿದುಕೊಂಡು ಕೇಳಿದ್ದು. ನಮಗೆ ದುಡ್ಡು ಕೊಡುವ ಫಂಡರ್ ಕಳಿಸಿದ ಎಕ್ಸೆಲ್ ಶೀಟ್ ತೆಗೆದು ನೋಡಿದೆ. ಚೇತರಿಸಿಕೊಂಡಿದೆ, ಚಿಕಿತ್ಸೆಯಲ್ಲಿದೆ, ಕಾರ್ಯಕ್ರಮ ಬಿಟ್ಟಿದೆ, ಮರಣ. ನಾಲ್ಕೇ ಕಾಲಂ. ಹೊಸದೊಂದು ಸೇರಿಸೋಣವೆಂದರೆ ಶೀಟ್ ಲಾಕ್ ಆಗಿತ್ತು.

ಆ ಮಗುವಿನ ತೋಳಿನ ಸುತ್ತಳತೆ ಅಕ್ಟೋಬರಿನಲ್ಲಿ 11.2 ಸೆಂಟಿಮೀಟರ್ ಇತ್ತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 11.5ಕ್ಕಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ಟೇಪಿನಲ್ಲಿ ಕೆಂಪು ಪಟ್ಟಿ. ಅಪ್ಪ-ಅವ್ವ ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಹೊರಟಾಗ ಕೂಸನ್ನು ಬಿಟ್ಟು ಹೋಗುವುದಾದರೂ ಯಾರ ಹತ್ತಿರ? ‘ಕಾರ್ಯಕ್ರಮ ಬಿಟ್ಟಿದೆ’ ಎಂದು ಬರೆದರೆ ತಾಯಿ ಬೇಡವೆಂದಳು ಎಂದಾಗುತ್ತದೆ. ಆಕೆ ಒಂದು ವಾರವೂ ತಪ್ಪಿಸದೆ ಕೂಸನ್ನು ಎತ್ತಿಕೊಂಡು ಅಂಗನವಾಡಿಗೆ ಬಂದವಳು.

ನಮ್ಮ ಕಡೆ ಶೀಗಿ ಹುಣ್ಣಿಮೆ ಮುಗಿದ ಮೇಲೆ ಗುಳೆ ಶುರುವಾಗುತ್ತದೆ. ತಿರುಗಿ ಬರುವುದು ಯುಗಾದಿಗೆ, ಇಲ್ಲವೆ ಊರ ಜಾತ್ರೆಗೆ. ತ್ರೈಮಾಸಿಕ ವರದಿ ಡಿಸೆಂಬರ್ 31ಕ್ಕೆ, ವಾರ್ಷಿಕ ಲೆಕ್ಕ ಮಾರ್ಚ್ 31ಕ್ಕೆ. ಓಣಿಗೆ ಓಣಿಯೇ ಬೀಗ ಹಾಕಿಕೊಂಡಿರುವ ಹೊತ್ತಿನಲ್ಲಿ ನಾವು ಮಕ್ಕಳ ಲೆಕ್ಕ ಕೊಡಬೇಕು. ಆ ಸಲ ಆಫೀಸಿನಲ್ಲಿ ಒಬ್ಬರು, “ಚೇತರಿಸಿಕೊಂಡಿದೆ ಅಂತ ಹಾಕ್ರಿ, ಮುಂದಿನ ಕಂತು ನಿಲ್ಲಬಾರದು” ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಕಂತಿನಲ್ಲೇ ಎಲ್ಲರ ಸಂಬಳ ಇತ್ತು. ಆದರೂ ಕೈ ಏಳಲಿಲ್ಲ. ಷರಾ ಜಾಗದಲ್ಲಿ ‘ಗುಳೆ ಹೋಗಿದೆ, ಸದ್ಯದ ಸ್ಥಿತಿ ಗೊತ್ತಿಲ್ಲ’ ಎಂದು ಬರೆದು ಕಳಿಸಿದೆ. ವಿವರಣೆ ಕೇಳಿ ಪತ್ರ ಬಂತು, ಕಂತು ಎರಡು ತಿಂಗಳು ತಡವಾಯಿತು. ಎರಡು ತಿಂಗಳು ಸಂಬಳವಿಲ್ಲದೆ ನಡೆದಾಡಿದವರು ಫೀಲ್ಡಿನ ಹೆಣ್ಣುಮಕ್ಕಳು.

ಇದು ಒಬ್ಬ ಫಂಡರ್ ಕತೆ. ಅದೇ ಕೂಸು ನಮ್ಮ ಬಳಿ ಮೂರು ಶೀಟುಗಳಲ್ಲಿತ್ತು. ಒಬ್ಬರಿಗೆ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್, ಇನ್ನೊಬ್ಬರಿಗೆ ಜನವರಿಯಿಂದ ಡಿಸೆಂಬರ್. ಒಬ್ಬರು ಹುಟ್ಟಿದ ದಿನದಿಂದ ಎಣಿಸುತ್ತಾರೆ, ಇನ್ನೊಬ್ಬರು ಆರು ತಿಂಗಳು ತುಂಬಿದ ಮೇಲೆ. ಹೆಸರಿನ ಪಾಡಂತೂ ಕೇಳಬೇಡಿ. ಹುಲಿಗೆಮ್ಮ ದೇವಿಯ ಗುಡಿ ಇರುವ ಹುಲಿಗಿ ನಮಗೆ ಹತ್ತಿರ, ಹಾಗಾಗಿ ಊರಿಗೆ ಹತ್ತು ಹುಲಿಗೆಮ್ಮ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಂದು ‘ಎಲ್’, ಎರಡು ‘ಎಲ್’, ‘ಇ’ ಇದ್ದಲ್ಲಿ ‘ಎ’ ಎಂದು ಒಬ್ಬಳೇ ಹುಲಿಗೆಮ್ಮ ಮೂವರಾಗುತ್ತಾಳೆ. ಕನ್ನಡದಲ್ಲೇ ಇಡೋಣವೆಂದರೆ ಹಳೆಯ ಪಟ್ಟಿಗಳೆಲ್ಲ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದವು. ಯೂನಿಕೋಡಿಗೆ ಬದಲಿಸದೆ ಅಂಟಿಸಿದರೆ ಹೆಸರಿನ ಜಾಗದಲ್ಲಿ ಬರೀ ಅರ್ಥವಾಗದ ಇಂಗ್ಲಿಷ್ ಅಕ್ಷರ-ಚಿಹ್ನೆ. ಒಬ್ಬೊಬ್ಬರನ್ನೂ ತಾಯಿಯ ಹೆಸರು, ಮನೆತನ, ಅಂಗನವಾಡಿ ನೋಡಿ ಹೊಂದಿಸುತ್ತ ರಾತ್ರಿಗಟ್ಟಲೆ ಕೂತಿದ್ದೇವೆ.

ಈ ಕೆಲಸಕ್ಕೆ ದುಡ್ಡು ಯಾರು ಕೊಡುತ್ತಾರೆ? ವಿದೇಶಿ ದೇಣಿಗೆಯ ಕಾಯ್ದೆಗೆ ಸೇರಿದ 2011ರ ನಿಯಮಗಳಲ್ಲಿ ವರದಿ ಬರೆದು ಸಲ್ಲಿಸುವ ಖರ್ಚನ್ನು ಹೆಸರು ಹಿಡಿದೇ ಆಡಳಿತ ವೆಚ್ಚಕ್ಕೆ ಸೇರಿಸಿದ್ದಾರೆ. 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಬಾಡಿಗೆ, ಕರೆಂಟು, ಲೆಕ್ಕಿಗರು, ಗಾಡಿ ಎಲ್ಲ ಅದರಲ್ಲೇ ಆಗಬೇಕು.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ) ಕಡೆಯವರು ನಮಗೆ ಹೇಳುವ ಮಾತು ಬೇರೆ: “ಶೇ 5ಕ್ಕಿಂತ ಹೆಚ್ಚು ಆಡಳಿತ ವೆಚ್ಚಕ್ಕೆ ಕೊಡಲು ಬರುವುದಿಲ್ಲ.” ಇದನ್ನು ನಾನೂ ಬಹಳ ವರ್ಷ ನಂಬಿದ್ದೆ. 2021ರಲ್ಲಿ ತಿದ್ದುಪಡಿಯಾದ ನಿಯಮವನ್ನು ದಯವಿಟ್ಟು ತೆಗೆದು ಓದಿ. ಆ ಶೇ 5, ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸುವ ಸಾಮಾನ್ಯ ಖರ್ಚಿಗೆ ಇರುವ ಮಿತಿ. ನಿರ್ದಿಷ್ಟ ಯೋಜನೆಯೊಂದರ ರೂಪುರೇಷೆ, ಜಾರಿ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದೇ ಇಲ್ಲ. ಅಂದರೆ ತೋಳು ಅಳೆದು ಬರೆದಿಡುವವಳ ಸಂಬಳ, ಅದನ್ನು ತಾಳೆ ನೋಡುವವನ ಸಂಬಳ, ಎರಡನ್ನೂ ಯೋಜನೆಯ ಬಜೆಟ್ಟಿನಲ್ಲೇ ಕೊಡಲು ಬರುತ್ತದೆ. ಕಂಪನಿಗಳ ಸಿಎಸ್‌ಆರ್ ಸಮಿತಿಯಲ್ಲಿರುವ ಗೆಳೆಯರೇ, ನನ್ನ ಮೊದಲ ಬೇಡಿಕೆ ಇದು. ಎರಡನೆಯದು, ಶೀಟ್ ಕಳಿಸುವ ಮೊದಲು ಒಂದು ಸಲ ಊರಿಗೆ ಬನ್ನಿ, ಕಾಲಂಗಳನ್ನು ಅಂಗನವಾಡಿ ಟೀಚರ್ ಜೊತೆ ಕೂತು ಬರೆಯಿರಿ. ಸಂಖ್ಯೆ ಇಳಿದಾಗ ಯಾಕೆ ಇಳಿಯಿತು ಎಂದು ಕೇಳಿ, ಖಂಡಿತ ಕೇಳಿ, ಆದರೆ ಕಂತು ತಡೆಹಿಡಿದು ಕೇಳಬೇಡಿ.

ಇನ್ನೊಂದು ಮಾತು. ‘ಮೊದಲು-ಆಮೇಲೆ’ ಎಂದು ಸೊರಗಿದ ಮಕ್ಕಳ ಫೋಟೊ ಕೇಳುತ್ತೀರಿ. ನಾನು ಕೊಡುವುದನ್ನು ನಿಲ್ಲಿಸಿದ್ದೇನೆ. ಮಕ್ಕಳ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳದಿದ್ದರೂ, ನನ್ನ ಮಗುವಾಗಿದ್ದರೆ ನಾನು ಕೊಡುತ್ತಿರಲಿಲ್ಲ.

ಈಗ ನಮ್ಮದೇ ಒಂದು ರಿಜಿಸ್ಟರ್ ಇದೆ. ಕನ್ನಡದಲ್ಲಿ, ಒಂದು ಮಗುವಿಗೆ ಒಂದೇ ನಂಬರ್. ಫಂಡರ್ ಶೀಟುಗಳನ್ನೆಲ್ಲ ಅದರಿಂದಲೇ ತುಂಬುತ್ತೇವೆ. ಅದರಲ್ಲಿ ಗುಳೆಗೆಂದೇ ಕಾಲಂ: ಯಾವ ಊರು, ಹೊರಟ ದಿನ, ಕರೆದೊಯ್ದ ಮೇಸ್ತ್ರಿಯ ಫೋನ್ ನಂಬರ್. ಹೋದ ವರ್ಷ ಆ ನಂಬರಿಗೆ ಫೋನ್ ಹಚ್ಚಿದ್ದರಿಂದ ಮಂಗಳೂರಿನ ಶೆಡ್ಡಿನಲ್ಲಿದ್ದ ಒಬ್ಬ ತಾಯಿಗೆ ಹತ್ತಿರದ ಅಂಗನವಾಡಿ ಯಾವುದೆಂದು ತಿಳಿಸಲಾಯಿತು. ಅಲ್ಲಿನ ಟೀಚರ್ ಕೂಸಿನ ತೋಳು ಅಳೆದು ನಮಗೆ ವಾಟ್ಸಾಪ್ ಮಾಡಿದರು: 11.9. ಕೆಂಪು ದಾಟಿ ಹಳದಿಗೆ ಬಂದಿತ್ತು. ನಮ್ಮ ಹುಡುಗಿ ರಿಜಿಸ್ಟರ್ ತೆಗೆದು, ಆ ಅಂಕಿಯ ಪಕ್ಕದಲ್ಲಿ ‘ಮಂಗಳೂರಲ್ಲಿ ಅಳೆದದ್ದು’ ಎಂದು ಬರೆದಳು.