ದಿನಕ್ಕೆ 10 ಗಂಟೆ ಅಂದರೆ ವಾರಕ್ಕೆ 60 ಅಲ್ಲ

ಮುಂಬೈಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಮಹಾರಾಷ್ಟ್ರದಲ್ಲಿ ಇನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಕೆಲಸ ಕಡ್ಡಾಯ.' ಇದು ತಪ್ಪು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅಂಗಡಿ, ಖಾಸಗಿ ಕಚೇರಿಗಳ ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸಲು ಒಪ್ಪಿದ್ದು ನಿಜ. ಅದೂ 20 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ. ಆದರೆ ವಾರದ ಮಿತಿ 48 ಗಂಟೆಯೇ. ಯಾರೋ ಸುಮ್ನೆ 10ನ್ನು 6ರಿಂದ ಗುಣಿಸಿದ್ದಾರೆ. ದಿನಾ 10 ಗಂಟೆ ದುಡಿದರೆ ಐದನೇ ದಿನ ಮುಗಿಯುವ ಮೊದಲೇ 48 ತುಂಬುತ್ತದೆ, ಅಲ್ವಾ? ಅದರ ಮೇಲಿನದು ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ಸಂಬಳ.

ಡೊಂಬಿವ್ಲಿಯಿಂದ ಲೋಕಲ್ ಹಿಡಿದು ಬರುವವರಿಗೆ ಒಂದು ಗಂಟೆ ಕೂಡ ದೊಡ್ಡದು. ಅದಕ್ಕೇ ಕಳಕಳಿಯಿಂದ ಹೇಳುತ್ತಿದ್ದೇನೆ: ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನಿಮ್ಮ ಹಾಜರಿ ಲೆಕ್ಕವನ್ನು ನೀವೇ ಬರೆದಿಟ್ಟುಕೊಳ್ಳಿ.