ಭಾವೊನಾಕ್ಕೆ ಒಂದು ಇಡೀ ರಾತ್ರಿ ಕೊಡಿ

ಬ್ರಹ್ಮಪುತ್ರದ ಕ್ರೂಸ್‌ಗೆ ಟಿಕೆಟ್ ಮಾಡಿಸುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ: ಅಸ್ಸಾಮಿನ ನದೀದ್ವೀಪ ಮಾಜುಲಿಯಲ್ಲಿ, ಭಾವೊನಾ ಎಂಬ ಭಕ್ತಿನಾಟಕವನ್ನು ಪೂರ್ತಿ ನೋಡಲು, ರಾತ್ರಿ ದಡದ ಮೇಲೆ ಇರಲು ಬಿಡುತ್ತಾರೆಯೇ? ನಮ್ಮನ್ನು ಬಿಡಲಿಲ್ಲ. ಸತ್ರದಲ್ಲಿ, ಅಂದರೆ ಅಲ್ಲಿನ ವೈಷ್ಣವ ಮಠದಲ್ಲಿ, ಮುಕ್ಕಾಲು ಗಂಟೆ, ಆಮೇಲೆ ಊಟಕ್ಕೆ ಹಡಗಿಗೆ. ಅಷ್ಟರಲ್ಲೇ ಖೋಲ್ ಎಂಬ ಮದ್ದಳೆಯಂಥ ವಾದ್ಯದ ವಾದನ ಒಂದಿಷ್ಟು, ಸತ್ರಗಳದ್ದೇ ಆದ ಸತ್ರಿಯ ನೃತ್ಯ ಒಂದಿಷ್ಟು, ಮುಖವಾಡ ತೊಟ್ಟ ರಾಕ್ಷಸರ ಕುಣಿತ ಒಂದಿಷ್ಟು. ಕಲಾವಿದರು ಮನಸಾರೆ ಆಡಿದರು, ಅವರ ಮೇಲೆ ಎಳ್ಳಷ್ಟೂ ದೂರಿಲ್ಲ. ಕಾರ್ಯಕ್ರಮವನ್ನು ಹಾಗೆ ಕತ್ತರಿಸಿ ಹೊಂದಿಸಿದವರ ಮೇಲೆ ಮಾತ್ರ ನನಗೆ ನಿಜವಾಗಿಯೂ ಸಿಟ್ಟಿದೆ.

ಭಾವೊನಾ ತುಣುಕುಗಳಲ್ಲಿ ದಕ್ಕುವ ಕಲೆಯಲ್ಲ. ಅಸ್ಸಾಮಿನ ವೈಷ್ಣವ ಸಂತ ಶಂಕರದೇವರು (1449–1568) ಭಕ್ತಿಯನ್ನು ಹಳ್ಳಿಯ ಜನರ ಬಳಿಗೆ ಒಯ್ಯಲು, ಮೈಥಿಲಿ-ಅಸ್ಸಾಮಿ ಬೆರೆತ ಬ್ರಜಾವಳಿ ಭಾಷೆಯಲ್ಲಿ ಅಂಕೀಯಾ ನಾಟ ಎಂಬ ಏಕಾಂಕ ನಾಟಕಗಳನ್ನು ಬರೆದರು. ಅವು ರಂಗಕ್ಕೆ ಬರುವ ಬಗೆಯೇ ಭಾವೊನಾ. ಮೊದಲು ಗಾಯನ್-ಬಾಯನ್: ಬಿಳಿ ಪೇಟ, ಬಿಳಿ ಉಡುಪಿನ ತಂಡ ಖೋಲ್ ಮತ್ತು ತಾಳದೊಂದಿಗೆ ನಿಧಾನವಾಗಿ ಶುರುಮಾಡಿ ಲಯವನ್ನು ಏರಿಸುತ್ತಾ ಹೋಗುತ್ತದೆ. ಆಮೇಲೆ ಬರುವ ಸೂತ್ರಧಾರ ನಾಂದಿ ಹಾಡಿ ಮರೆಯಾಗುವವನಲ್ಲ, ಕೊನೆಯವರೆಗೂ ರಂಗದಲ್ಲೇ ಇದ್ದು ಕಥೆಯನ್ನು ನಡೆಸುತ್ತಾನೆ. ಯಕ್ಷಗಾನದಲ್ಲಿ ಭಾಗವತರನ್ನು ಕಂಡ ನಮಗೆ ಅವನ ಬೆಲೆ ವಿವರಿಸಿ ಹೇಳಬೇಕಿಲ್ಲ. ನಮಗೆ ತೋರಿಸಿದ ಆಟದಲ್ಲಿ ಸೂತ್ರಧಾರನೇ ಇರಲಿಲ್ಲ. ಸಮಯ ಸಾಲದು ಎಂದು ಬಿಟ್ಟರಂತೆ. ರಾಕ್ಷಸರು ಬಂದರು, ಕುಣಿದರು, ಹೋದರು. ಯಾವ ಕಥೆಯವರು, ಯಾಕೆ ಬಂದರು ಎಂಬುದು ಪಕ್ಕದಲ್ಲಿ ಕುಳಿತ ಹಿರಿಯರಿಗೆ ಕೊನೆಗೂ ತಿಳಿಯಲಿಲ್ಲ.

ಮುಖವಾಡಗಳನ್ನು ಹತ್ತಿರದಿಂದ ನೋಡಿದೆ. ಬಿದಿರಿನ ಸೀಳುಗಳನ್ನು ಹೆಣೆದ ಚೌಕಟ್ಟು, ಮೇಲೆ ಜೇಡಿಮಣ್ಣಿನಲ್ಲಿ ಅದ್ದಿದ ಬಟ್ಟೆ, ಅದರ ಮೇಲೆ ಮಣ್ಣು-ಸೆಗಣಿಯ ಲೇಪ. ಒಂದರ ಒಳಗೆ ಕೈಯಿಟ್ಟು ನೋಡಲು ಕಲಾವಿದರೊಬ್ಬರು ಬಿಟ್ಟರು. ನೋಡಲು ಅಷ್ಟು ಭಾರಿಯಾದದ್ದು ಕೈಯಲ್ಲಿ ಹಗುರ! ಬಿದಿರಿನ ಹೆಣಿಗೆಯ ನಡುವೆ ಗಾಳಿ ಆಡುತ್ತದೆ. ದವಡೆ ಬೇರೆಯಾಗಿ ಅಲುಗುತ್ತದೆ, ಏಕೆಂದರೆ ತೊಟ್ಟವನು ಮಾತಾಡಬೇಕು. ಮಾತಾಡಲೆಂದೇ ಮಾಡಿದ ಆ ಬಾಯಿಯಿಂದ ನಾವು ಒಂದು ಮಾತನ್ನೂ ಕೇಳದೆ, ಫೋಟೊ ತೆಗೆದುಕೊಂಡು ಎದ್ದು ಬಂದೆವು.

ಪ್ರವಾಸಿಗರಿಗಾಗಿ ಆಡಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಡಗಿನವರು ಕೊಡುವ ಹಣ ಸತ್ರಕ್ಕೂ ಮುಖವಾಡ ಮಾಡುವ ಮನೆಗಳಿಗೂ ಬೇಕು. ದಡವನ್ನು ನದಿ ವರ್ಷವರ್ಷವೂ ಕೊರೆಯುತ್ತಿದೆ, ಕೆಲವು ಸತ್ರಗಳು ದ್ವೀಪವನ್ನೇ ಬಿಟ್ಟು ಹೋಗಬೇಕಾಗಿ ಬಂದಿದೆ. ಆದರೆ ಹತ್ತು ತುಣುಕು ತೋರಿಸುವ ಬದಲು ಒಂದನ್ನು ಪೂರ್ತಿ ತೋರಿಸಲಿ. ಕಾರ್ತಿಕ ಹುಣ್ಣಿಮೆಯ ರಾಸ್ ಉತ್ಸವಕ್ಕೆ ಪ್ರಯಾಣ ಹೊಂದಿಸಿದರೆ ಊರವರ ನಡುವೆಯೇ ಕೂತು ನೋಡಬಹುದು.

ಹಡಗಿನ ಕಂಪನಿಗೆ ಇದನ್ನೇ ಬರೆದಿದ್ದೇನೆ. ಹಡಗಿನ ಊಟ ಒಂದು ರಾತ್ರಿ ತಪ್ಪಿದರೆ ತಪ್ಪಲಿ, ಸತ್ರದ ಪ್ರಾರ್ಥನಾಮಂದಿರವಾದ ನಾಮಘರ್‌ನ ನೆಲದ ಮೇಲೆ ಕೂರಿಸಿ. ಶಂಕರದೇವರ ‘ರುಕ್ಮಿಣೀಹರಣ’ವನ್ನು ಗಾಯನ್-ಬಾಯನ್‌ನಿಂದ ಕೊನೆಯ ಹಾಡಾದ ಮುಕ್ತಿಮಂಗಳದವರೆಗೆ ನೋಡಲು ಬಿಡಿ ಎಂದು. ನೀವು ಹೋಗುವವರಿದ್ದರೆ ನೀವೂ ಬರೆಯಿರಿ. ಕೇಳುವವರು ಹೆಚ್ಚಾದರೆ ಅವರೂ ವೇಳಾಪಟ್ಟಿ ಬದಲಿಸಬೇಕಾಗುತ್ತದೆ.