ಪುಕ್ಕಟ ಅಂತಾರ, ಮತ್ತ ರೊಕ್ಕ ಯಾಕ?

ಇವತ್ತು ಸಂಜೆ ಸೂಪರ್ ಮಾರ್ಕೆಟ್‌ನ ಚಹಾ ಅಂಗಡಿಯಲ್ಲಿ ಆದದ್ದನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ. ನನ್ನ ಹಳೇ ಆ್ಯಪಲ್ ಲ್ಯಾಪ್‌ಟಾಪು, ಆ ಎಂ1 ಮ್ಯಾಕ್‌ಬುಕ್ ಏರ್ ನಿಮಗೆಲ್ಲ ಗೊತ್ತೇ ಇದೆ. ಅದರಲ್ಲಿ ನಾನು ಆಸಾಹಿ ಲಿನಕ್ಸ್ (ಆ್ಯಪಲ್‌ನ ಚಿಪ್ಪಿನ ಮೇಲೂ ಓಡುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡಿದ್ದನ್ನು ನೋಡಿ ತನ್ನದಕ್ಕೂ ಹಾಕಿಸಿಕೊಂಡ ಹುಡುಗನೊಬ್ಬ, ಬಂದವನೇ ರೇಗಿದ.

"ಅಣ್ಣಾ, ಟೈಪ್-ಸಿಗಿ ಪ್ರೊಜೆಕ್ಟರ್ ಹಚ್ಚಿದ್ರ ಏನೂ ಬರ್ಲಿಲ್ಲ. ಬೆರಳಿನ ಲಾಕ್ ಭೀ ನಡ್ಯಲ್ಲ. ಇಷ್ಟ್ ವರ್ಷ ಏನ್ ಮಾಡ್ಯಾರ ಅವರು?"

"ನೀ ಏನರೆ ರೊಕ್ಕ ಕಳ್ಸೀಯೇನು?" ಅಂದೆ.

"ಪುಕ್ಕಟ ಅಂತಾರ, ಮತ್ತ ರೊಕ್ಕ ಯಾಕ ಕೊಡ್ಬೇಕು?"

ಏನು ಮಾಡಿದ್ದಾರೆ ಅಂತ ಕೇಳಿದೆಯಲ್ಲ ತಮ್ಮಾ, ಹೇಳ್ತೀನಿ. ಆ್ಯಪಲ್‌ನ ಎಂ1 ಚಿಪ್ಪು ಬಂದದ್ದು 2020ರ ನವೆಂಬರ್‌ನಲ್ಲಿ. ಆ ವರ್ಷ ಮುಗಿಯುವುದರೊಳಗೆ ಹೆಕ್ಟರ್ ಮಾರ್ಟಿನ್ ಎನ್ನುವವರು, ತಿಂಗಳು ತಿಂಗಳು ನೀವು ಇಷ್ಟಿಷ್ಟು ಕೊಟ್ಟರೆ ಇದರ ಮೇಲೆ ಲಿನಕ್ಸ್ ಓಡಿಸುವ ಕೆಲಸಕ್ಕೆ ಕೂರುತ್ತೇನೆ ಎಂದು ಜನರ ಮುಂದೆ ಪಟ್ಟಿ ಇಟ್ಟರು. ಆ್ಯಪಲ್ ಕಂಪನಿ ಒಂದು ಹಾಳೆ ಕೈಪಿಡಿ ಕೊಟ್ಟಿರಲಿಲ್ಲ. ನಕ್ಷೆಯಿಲ್ಲದ ಹಳೇ ಮನೆಯ ವೈರಿಂಗ್ ಹುಡುಕಿದ ಹಾಗೆ ಅದು. ಆ್ಯಪಲ್‌ನ ಸ್ವಂತ ಸಿಸ್ಟಮ್ಮಾದ ಮ್ಯಾಕ್‌ಒಎಸ್ಸನ್ನೇ ತಮ್ಮದೊಂದು ಪುಟ್ಟ ಪ್ರೋಗ್ರಾಮಿನ ಹೊಟ್ಟೆಯೊಳಗೆ ಓಡಿಸಿ, ಅದು ಚಿಪ್ಪಿನ ಯಾವ ಮೂಲೆಗೆ ಏನು ಬರೆಯುತ್ತದೆ, ಏನು ಓದುತ್ತದೆ ಎಂದು ಒಂದೊಂದಾಗಿ ನೋಡಿ, ಆ ಭಾಗಗಳನ್ನು ನಡೆಸುವ ಪ್ರೋಗ್ರಾಮುಗಳನ್ನು, ಅಂದರೆ ಡ್ರೈವರ್‌ಗಳನ್ನು, ಬರೆದರು. 2022ರ ಮಾರ್ಚ್‌ನಲ್ಲಿ ಮೊದಲ ಆಲ್ಫಾ, ಅಂದರೆ ಪರೀಕ್ಷೆಯ ಆವೃತ್ತಿ, ಬಂತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದ ಒಗಟನ್ನು ಅಲಿಸಾ ರೋಸೆನ್‌ಝ್ವೈಗ್ ಮತ್ತು ಜೊತೆಗಾರರು ಬಿಡಿಸಿದರು. 2023ರ ಡಿಸೆಂಬರ್‌ನಲ್ಲಿ ಫೆಡೋರಾ ಎಂಬ ಲಿನಕ್ಸ್‌ನ ಜೊತೆ ಸೇರಿಸಿದ ಫೆಡೋರಾ ಆಸಾಹಿ ರೀಮಿಕ್ಸ್ ಬಂತು.

ಸ್ಪೀಕರ್ ವಿಷಯ ಕೇಳಿ. ಆ ಲ್ಯಾಪ್‌ಟಾಪಿನ ಸ್ಪೀಕರ್‌ಗೆ ಸುಮ್ಮನೆ ದನಿ ಏರಿಸಿದರೆ ಒಳಗಿನ ತಂತಿಸುರುಳಿ (ಕಾಯಿಲ್) ಕಾದು ಸುಟ್ಟೇ ಹೋಗಬಹುದು. ಮ್ಯಾಕ್‌ಒಎಸ್ ಒಳಗೊಳಗೇ ಅದರ ಬಿಸಿ ಲೆಕ್ಕ ಹಾಕುತ್ತಾ ದನಿ ತಗ್ಗಿಸುತ್ತಿರುತ್ತದೆ. ಅದೇ ಲೆಕ್ಕ ಹಾಕುವ ಪ್ರೋಗ್ರಾಮನ್ನು ಬರೆದು ಮುಗಿಸುವವರೆಗೂ ಇವರು ಸ್ಪೀಕರ್ ಬಂದ್ ಮಾಡಿಯೇ ಇಟ್ಟಿದ್ದರು. ಅಷ್ಟು ದಿನ ಬಾಯಿಗೆ ಬಂದಂತೆ ಅನ್ನಿಸಿಕೊಂಡರೂ ನಮ್ಮ ನಿಮ್ಮ ಸ್ಪೀಕರ್ ಸುಡಲು ಬಿಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಅಂಥವರಿಗೆ ಸಿಕ್ಕಿದ್ದೇನು? ಥಂಡರ್‌ಬೋಲ್ಟ್ ಎಂಬ ವೇಗದ ಕೇಬಲ್ ಜೋಡಣೆ ಯಾವಾಗ, ಹೊಸ ಎಂ3 ಚಿಪ್ಪಿಗೆ ಯಾವಾಗ, ಬ್ಯಾಟರಿ ಯಾಕೆ ಹೀಗೆ ಎನ್ನುವ ತಕರಾರು. 2025ರ ಫೆಬ್ರುವರಿಯಲ್ಲಿ ಮಾರ್ಟಿನ್ ಬಿಟ್ಟು ಹೋದರು. ಹೋಗುವಾಗ ಹೇಳಿದ ಕಾರಣಗಳಲ್ಲಿ ಎರಡು ನನ್ನನ್ನು ಚುಚ್ಚಿದವು: ಎಷ್ಟು ಮಾಡಿದರೂ ಇನ್ನೂ ಬೇಕೆನ್ನುವ ಜನ, ಮತ್ತು ಶುರುವಿನಿಂದಲೂ ಮೆಲ್ಲಗೆ ಇಳಿಯುತ್ತಲೇ ಬಂದ ದೇಣಿಗೆ.

ಯಾಕೆ ಚುಚ್ಚಿತೆಂದರೆ, ಆ ಇಳಿದ ದೇಣಿಗೆಯಲ್ಲಿ ನನ್ನದೂ ಇದೆ. 2021ರ ಅಕ್ಟೋಬರ್‌ನಲ್ಲಿ ಕಾರ್ಡಿನ ತಿಂಗಳ ಪಾವತಿಗೆ ಹೊಸ ನಿಯಮ ಬಂದಾಗ ನನ್ನದು ನಿಂತುಹೋಯಿತು. ಕೈಯಾರೆ ಕಳಿಸಬಹುದಿತ್ತು. ನಾಳೆ ನೋಡೋಣ ಅಂದೆ. ವರ್ಷಗಳೇ ಹೋದವು. ಅವರ ಕೆಲಸ ಮಾತ್ರ ದಿನಾ ನನ್ನ ಮೇಜಿನ ಮೇಲೆ ನಡೆಯುತ್ತಲೇ ಇತ್ತು.

ಅಷ್ಟು ದೊಡ್ಡ ಕಂಪನಿ ಇದೆ, ಅದೇ ಮಾಡಲಿ ಎನ್ನುತ್ತಾರೆ ಕೆಲವರು. ಮಾಡಲಿ, ಬೇಡ ಅಂದವರಾರು? ಬೇರೆ ಸಿಸ್ಟಮ್ ಹಾಕಲು ಆ್ಯಪಲ್ ಬಾಗಿಲು ತೆರೆದಿಟ್ಟಿದೆ, ಒಳಗಿನ ನಕ್ಷೆ ಮಾತ್ರ ಕೊಟ್ಟಿಲ್ಲ. ಅದು ಕೊಡಲಿ ಎಂದು ಕಾಯುತ್ತಾ ಕೂತರೆ, ಅಪ್‌ಡೇಟ್ ನಿಂತ ದಿನ ಈ ಗಟ್ಟಿಮುಟ್ಟಾದ ಮಷೀನು ಗುಜರಿಗೆ ಹೋಗುತ್ತದೆ.

ನಮ್ಮ ಅಜ್ಜ ಪ್ರತಿ ವರ್ಷ ರಾಶಿ ಮುಗಿದ ಮೇಲೆ ಶರಣಬಸವೇಶ್ವರ ಗುಡಿಯ ದಾಸೋಹಕ್ಕೆ ಒಂದು ಚೀಲ ಜೋಳ ಮುಟ್ಟಿಸುತ್ತಿದ್ದ. ಮಳೆ ಕೈಕೊಟ್ಟ ವರ್ಷ ಅರ್ಧ ಚೀಲ. ಹೋದ ವರ್ಷವೇ ಕೊಟ್ಟೀನಲ್ಲ ಅಂದಿದ್ದು ನಾನು ಕೇಳಿಲ್ಲ, ಪಂಕ್ತಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದಿದ್ದೂ ನೋಡಿಲ್ಲ. ಒಲೆ ದಿನಾ ಉರಿಯಬೇಕು, ಅದಕ್ಕೆ ಜೋಳ ವರ್ಷಾ ಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಆಸಾಹಿ ಕೂಡ ಹಾಗೆಯೇ. ಹೊಸ ಚಿಪ್ಪು ಬಂದರೆ ಮತ್ತೆ ಮೊದಲಿಂದ ಹುಡುಕಾಟ, ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದರೆ ಹಳೇ ಡ್ರೈವರ್‌ನ ದುರಸ್ತಿ.

ಉಳಿದವರು ಕೆಲಸ ಮುಂದುವರಿಸಿದ್ದಾರೆ, ದೇಣಿಗೆ ಈಗ ಓಪನ್ ಕಲೆಕ್ಟಿವ್ ಎನ್ನುವ ವೆಬ್‌ಸೈಟಿನಲ್ಲಿ. ಮನೆಗೆ ಬಂದವನೇ ಕೈಯಾರೆ ಕಳಿಸಿದೆ. ಪ್ರತಿ ತಿಂಗಳ ಐದನೇ ತಾರೀಖಿಗೆ ಫೋನಿನಲ್ಲಿ ಅಲಾರಾಂ ಇಟ್ಟಿದ್ದೇನೆ. ನಿಮ್ಮಲ್ಲಿ ಯಾರದಾದರೂ ಕಾರ್ಡು ಹೋಗದಿದ್ದರೆ ಭಾನುವಾರ ಅದೇ ಚಹಾ ಅಂಗಡಿಗೆ ಬರ್ರಿ, ಕೂತು ಮಾಡೋಣ. ಆ ಹುಡುಗನಿಗೂ ಬಾ ಅಂದೀನಿ.